ಕಾಲೇಜಿನ ಹೆಸರು ಆಮೇಲೆ, ನಾಲ್ಕು ವರ್ಷಕ್ಕೆ ಪಾಸಾದವರ ಲೆಕ್ಕ ಮೊದಲು

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಪೋಷಕರಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ



"ನೀಟ್‌ನಲ್ಲಿ ಸೀಟು ಸಿಗಲಿಲ್ಲ, ಬಯಾಲಜಿ ಓದಿದ್ದು ದಂಡವಾಗಬಾರದು, ಬಯೋಮೆಡಿಕಲ್ ಎಂಜಿನಿಯರಿಂಗ್ ಆದರೂ ಆಗಲಿ." ಸಿಇಟಿ ಆಪ್ಷನ್ ಎಂಟ್ರಿ ಹೊತ್ತಿಗೆ ನಮ್ಮ ಊರುಗಳಲ್ಲಿ ಕೇಳಿಬರುವ ಮಾತಿದು. ಕೋರ್ಸು ಒಳ್ಳೆಯದೇ. ಸ್ಕ್ಯಾನಿಂಗ್, ವೆಂಟಿಲೇಟರ್, ಡಯಾಲಿಸಿಸ್ ಯಂತ್ರಗಳನ್ನು ಮಾಡುವವರೂ ಬೇಕು, ಕೆಟ್ಟರೆ ಸರಿಮಾಡುವವರೂ ಬೇಕು. ಆದರೆ ಸೀಟು ಹಿಡಿಯುವ ಅವಸರದಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗುತ್ತಿದೆ: ಆ ಕಾಲೇಜಿಗೆ ಸೇರಿದವರಲ್ಲಿ ಎಷ್ಟು ಮಂದಿ ನಾಲ್ಕೇ ವರ್ಷಕ್ಕೆ ಪದವಿ ಹಿಡಿದು ಹೊರಬಂದರು?

ಒಂದು ವರ್ಷದ ಬೆಲೆ

ಬಿ.ಇ. ಅಂದರೆ ಎಂಟು ಸೆಮಿಸ್ಟರ್, ನಾಲ್ಕು ವರ್ಷ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮದಲ್ಲಿ ಎಂಟು ವರ್ಷದವರೆಗೂ ಎಳೆಯಬಹುದು. ಎಳೆದಷ್ಟೂ ಹಾಸ್ಟೆಲ್ ಖರ್ಚು, ಪರೀಕ್ಷಾ ಶುಲ್ಕ, ಬಸ್ ಚಾರ್ಜು ಬೆಳೆಯುತ್ತದೆ. ಶಿಕ್ಷಣ ಸಾಲದ ಕಂತು ಓದು ಮುಗಿದು ಒಂದು ವರ್ಷಕ್ಕೆ ಶುರುವಾಗಬಹುದು. ಬಡ್ಡಿ ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೋಬಸ್ಟಾ ಜನವರಿಯಿಂದ. ಕೈಗೆ ಕಾಸು ಬರುವುದು ಅದಾದ ಮೇಲೆ. ಕಾಲೇಜು ಫೀಸು ಕಟ್ಟಬೇಕಾದದ್ದು ಮಳೆಗಾಲದಲ್ಲಿ, ಬೋರ್ಡೋ ಹೊಡೆಸಿ, ಗೊಬ್ಬರ ಹಾಕಿಸಿ ಕೈ ಖಾಲಿಯಾಗಿರುವಾಗ. ಐದನೇ ವರ್ಷದ ಫೀಸು ಸಣ್ಣ ಬೆಳೆಗಾರನಿಗೇ ಹೊರೆ. ಲೈನ್ ಮನೆಯ ಕೂಲಿ ಕುಟುಂಬಕ್ಕೆ ಅದು ಓದನ್ನೇ ನಿಲ್ಲಿಸುವ ಏಟು.

ಎಡವುವುದು ಎಲ್ಲಿ?

ಗಣಿತದಲ್ಲಿ. ಹೃದಯ, ಶ್ವಾಸಕೋಶ ಓದಬಹುದೆಂದು ಹೋದವರ ಮುಂದೆ ಮೊದಲ ವರ್ಷ ಬರುವುದು ಗಣಿತ, ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್. ಒಂದು ಇಸಿಜಿಯನ್ನೇ ನೋಡಿ. ಎದೆಯ ಮೇಲಿನಿಂದ ಸಿಗುವ ಸಂಕೇತ ಸುಮಾರು ಒಂದು ಮಿಲಿವೋಲ್ಟ್. ಗೋಡೆಯ ಕರೆಂಟಿನ 50 ಹರ್ಟ್ಸ್ ಗದ್ದಲ ಅದನ್ನು ಮುಚ್ಚಿಬಿಡುತ್ತದೆ. ಗದ್ದಲ ಸೋಸಿ ಸಂಕೇತವನ್ನು ಹಿಗ್ಗಿಸುವ ವಿದ್ಯೆಯೇ ಈ ಕೋರ್ಸಿನ ಜೀವಾಳ, ಅದು ಪೂರಾ ಗಣಿತ. ಪಿಯುಸಿಯಲ್ಲಿ ನೀಟ್‌ಗೆಂದು ಗಣಿತ ಬದಿಗಿಟ್ಟವರು ಮೊದಲ ಸೆಮಿಸ್ಟರಿನಲ್ಲೇ ಬ್ಯಾಕ್ (ಪಾಸಾಗದ ವಿಷಯ) ಉಳಿಸಿಕೊಳ್ಳುವುದುಂಟು. ಬ್ಯಾಕ್ ಇಟ್ಟುಕೊಂಡು ಮುಂದೆ ಹೋಗಲು ಮಿತಿಯಿದೆ. ಮಿತಿ ದಾಟಿದರೆ ಇಯರ್ ಬ್ಯಾಕ್, ಅಂದರೆ ಒಂದು ವರ್ಷ ಹಿಂದೆ ಉಳಿದಂತೆ.

ಎರಡನೆಯದು ಹಾಜರಾತಿ. ವಿಟಿಯು ಕೇಳುವುದು ಶೇ 85. ಕೊಯ್ಲಿಗೆ ಆಳು ಸಿಗುವುದಿಲ್ಲವೆಂದು ಮಗನನ್ನೋ ಮಗಳನ್ನೋ ಹದಿನೈದು ದಿನ ಕರೆಸಿಕೊಳ್ಳುವ ಮುಂಚೆ ಇದು ನೆನಪಿರಲಿ.

ದಾರಿಗಳು ಯಾವುವು?

ಬೆಂಗಳೂರಿನ ಬಿಎಂಎಸ್, ರಾಮಯ್ಯ, ದಯಾನಂದ ಸಾಗರ್ ಕಾಲೇಜುಗಳಲ್ಲಿ ಬಯೋಮೆಡಿಕಲ್‌ಗೆ ಹತ್ತಿರದ ಕೋರ್ಸು ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂಬ ಹೆಸರಿನಲ್ಲಿದೆ. ಕಳಸದವರು ಘಟ್ಟ ಇಳಿದರೆ ಮಣಿಪಾಲದಲ್ಲಿ ಬಯೋಮೆಡಿಕಲ್ ಇದೆ. ಅಲ್ಲಿ ಪ್ರವೇಶ ಪರೀಕ್ಷೆ ಬೇರೆ, ಶುಲ್ಕವೂ ಬೇರೆ. ಊರ ಹತ್ತಿರವೇ ಎಲೆಕ್ಟ್ರಾನಿಕ್ಸ್ ಬಿ.ಇ. ಮುಗಿಸಿ, ಎಂ.ಟೆಕ್‌ಗೆ ಬಯೋಮೆಡಿಕಲ್ ಹಿಡಿಯುವ ದಾರಿಯೂ ಇದೆ. ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ 2020ರಿಂದ ಬಯೋಮೆಡಿಕಲ್‌ಗೆ ಪ್ರತ್ಯೇಕ ಪತ್ರಿಕೆ ಇದೆ.

ಎಸ್ಸೆಸ್ಸೆಲ್ಸಿ ಮುಗಿಸಿದವರು ಇದನ್ನೂ ಕೂಡಿ ನೋಡಲಿ: ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಿದರೆ ಇನ್ನು ಮೂರು, ಅದೂ ಆರೇ. ನಡುವೆ ಓದು ನಿಂತರೂ ಡಿಪ್ಲೊಮಾ ಕೈಯಲ್ಲಿರುತ್ತದೆ.

ಲೆಕ್ಕ ಕಾಲೇಜುಗಳ ಹತ್ತಿರವೇ ಇದೆ

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಪಟ್ಟಿ 2016ರಿಂದ ಬರುತ್ತಿದೆ. ಅದರಲ್ಲಿ ಭಾಗವಹಿಸುವ ಸಂಸ್ಥೆಗಳು ಎಷ್ಟು ಮಂದಿ ಸೇರಿದರು, ನಿಗದಿತ ಅವಧಿಯಲ್ಲೇ ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬ ಅಂಕಿಗಳನ್ನು ಕೊಡಬೇಕು, ತಮ್ಮ ವೆಬ್‌ಸೈಟಿನಲ್ಲೂ ಹಾಕಬೇಕು. ಅದು ಇಡೀ ಕಾಲೇಜಿನ ಲೆಕ್ಕ. ವಿಭಾಗವಾರು ಲೆಕ್ಕ ಎನ್‌ಬಿಎ ಮಾನ್ಯತೆಯ ವರದಿಯಲ್ಲಿರುತ್ತದೆ. ಬ್ರೋಷರಿನಲ್ಲಿ ಅತಿ ಹೆಚ್ಚಿನ ಸಂಬಳ ಪಡೆದ ಒಬ್ಬನ ಫೋಟೊ ಹಾಕುವವರು ಈ ಅಂಕಿಯನ್ನೂ ಹಾಕಲಿ.

ಸೇರುವ ಮುಂಚೆ ಕೇಳಿ

1. ಕಳೆದ ಮೂರು ತಂಡಗಳಲ್ಲಿ ನಾಲ್ಕೇ ವರ್ಷಕ್ಕೆ ಮುಗಿಸಿದವರೆಷ್ಟು?
2. ಫೇಲಾದ ವಿಷಯಕ್ಕೆ ಮರುಪರೀಕ್ಷೆ ಯಾವಾಗ? ರಜೆಯಲ್ಲೇ ಬೇಸಿಗೆ ಸೆಮಿಸ್ಟರ್ ಉಂಟೇ?
3. ಗಣಿತದಲ್ಲಿ ಹಿಂದುಳಿದವರಿಗೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ಪ್ರತ್ಯೇಕ ತರಗತಿ ಇದೆಯೇ?
4. ಆಸ್ಪತ್ರೆಯಲ್ಲಿ ತರಬೇತಿ ಯಾವ ಸೆಮಿಸ್ಟರಿನಲ್ಲಿ, ಯಾವ ಆಸ್ಪತ್ರೆಯಲ್ಲಿ?

ಉತ್ತರ ಬಾಯಿಮಾತಿನಲ್ಲಿ ಬೇಡ, ಕಾಗದದ ಮೇಲೆ ಕೊಡಿ ಅನ್ನಿ. ಕೊಡದ ಕಾಲೇಜನ್ನು ಆಪ್ಷನ್ ಪಟ್ಟಿಯಲ್ಲಿ ಕೆಳಗಿಳಿಸಿ, ಅದರ ಹೆಸರು ಎಷ್ಟೇ ದೊಡ್ಡದಿರಲಿ. ಹಳ್ಳಿ ಶಾಲೆಯಲ್ಲಿ 1ರಿಂದ 10ರವರೆಗೆ ಓದಿದ ಮಕ್ಕಳು ಸಿಇಟಿಯ ಗ್ರಾಮೀಣ ಮೀಸಲಾತಿಯ, ಕನ್ನಡ ಮಾಧ್ಯಮದಲ್ಲಿ ಓದಿದವರು ಕನ್ನಡ ಮಾಧ್ಯಮ ಮೀಸಲಾತಿಯ ಪ್ರಮಾಣಪತ್ರಗಳನ್ನು ಮುಂಚೆಯೇ ಮಾಡಿಸಿಟ್ಟುಕೊಳ್ಳಲಿ.

ನಮ್ಮ ಒತ್ತಾಯ ಇಷ್ಟು: ಸೀಟು ಹಂಚಿಕೆಯ ಪಟ್ಟಿಯಲ್ಲಿ ಪ್ರತಿ ಕೋರ್ಸಿನ ಎದುರು ಫೀಸಿನ ಜೊತೆಗೆ, ನಿಗದಿತ ಅವಧಿಯಲ್ಲಿ ಪಾಸಾದವರ ಸಂಖ್ಯೆಯನ್ನೂ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಅಚ್ಚುಹಾಕಲಿ.

ಈ ಕರಪತ್ರವನ್ನು ಓದಿ ಎಸೆಯಬೇಡಿ. ಪಿಯುಸಿ ಓದುವ ಮಕ್ಕಳಿರುವ ಪಕ್ಕದ ಮನೆಗೆ ಕೊಡಿ.