ಗೇಮಿಗೂ ಮೀಟಿಂಗಿಗೂ ಒಂದೇ ಹೆಡ್‌ಸೆಟ್

ಕೊಟ್ಟೂರಲ್ಲಿ ಕೂತು ಬೆಂಗಳೂರಿನ ಆಫೀಸು ಕೆಲಸ ಮಾಡೋ ನನ್ನಂಥವರಿಗೆ ಹಗಲು ಮೀಟಿಂಗು, ರಾತ್ರಿ ಗೇಮು. ಎರಡಕ್ಕೂ ಒಂದೇ ಹೆಡ್‌ಸೆಟ್ ಸಾಕು. ಬಣ್ಣದ ಲೈಟಿಗೆ ಮರುಳಾಗಬೇಡಿ. ಅದು ಬ್ಯಾಟರಿ ತಿನ್ನುತ್ತೆ, ಹಾಕಿಕೊಂಡವರಿಗೆ ಕಾಣೋದೂ ಇಲ್ಲ.

ನಾನು ಮೊದಲು ನೋಡೋದು 2.4 ಗಿಗಾಹರ್ಟ್ಸ್ ಡಾಂಗಲ್ ಇದೆಯಾ ಅಂತ. ಬರೀ ಬ್ಲೂಟೂತ್ ಆದರೆ ಶಬ್ದ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡು ತಡ. ಹಾಡು ಕೇಳುವಾಗ ಗೊತ್ತಾಗಲ್ಲ. ಬಿಜಿಎಂಐನಲ್ಲಿ ಮಾತ್ರ ಹಿಂದಿನಿಂದ ಬಂದವನ ಹೆಜ್ಜೆ ಸಪ್ಪಳ ಕೇಳೋ ಹೊತ್ತಿಗೆ ನಿಮ್ಮ ಕಥೆ ಮುಗಿದಿರುತ್ತೆ. ಜೊತೆಗೆ, ಬಹುಪಾಲು ಬ್ಲೂಟೂತ್ ಸೆಟ್‌ಗಳಲ್ಲಿ ಮೈಕ್ ಆನ್ ಆದ ಕೂಡಲೇ ಕಿವಿಗೆ ಬರೋ ಶಬ್ದವೂ ಫೋನ್ ಕಾಲಿನ ಮಟ್ಟಕ್ಕೆ ಇಳಿಯುತ್ತೆ. ಮೊಬೈಲಲ್ಲಿ ಆಡೋರು ಟೈಪ್-ಸಿ ಡಾಂಗಲ್ಲೇ ಇರೋದನ್ನ ತಗೊಳ್ಳಿ.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಎಲ್ಲೇ ಇರಿ, ಏಪ್ರಿಲ್ ಬಿಸಿಲಿಗೆ ರೆಕ್ಸಿನ್ ಕುಶನ್ ಅಂದರೆ ಕಿವಿಗೆ ಕಟ್ಟಿದ ಬೆವರಿನ ಚೀಲ. ಬಟ್ಟೆಯದು ವಾಸಿ, ಬಿಚ್ಚಿ ತೊಳೆಯೋ ಹಾಗಿರಬೇಕು. ತೂಕ 300 ಗ್ರಾಂ ದಾಟಿದರೆ ಸಂಜೆಗೆ ಕುತ್ತಿಗೆ ಹಿಡಿಯುತ್ತೆ. ಚಾರ್ಜ್ ಮುಗಿದಾಗ ಮೀಟಿಂಗ್ ನಿಲ್ಲದಂತೆ ವೈರು ಸಿಕ್ಕಿಸೋ ತೂತೂ ಇರಲಿ.

ಕಿವಿಯ ಲೆಕ್ಕ ಬೇರೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ 80 ಡೆಸಿಬಲ್ ಶಬ್ದವನ್ನ ವಾರಕ್ಕೆ 40 ತಾಸು ಕೇಳಬಹುದು, 90ಕ್ಕೇರಿಸಿದರೆ ನಾಲ್ಕೇ ತಾಸು. ಮೀಟಿಂಗಲ್ಲೇ ವಾರವೆಲ್ಲ ಕಳೆಯೋರಿಗೆ ರಾತ್ರಿ ಗುಂಡಿನ ಸದ್ದಿಗೆ ಉಳಿಯೋದೆಷ್ಟು? ಅದಕ್ಕೇ ವಾಲ್ಯೂಮ್ ತಿರುಗಣಿ ಹೆಡ್‌ಸೆಟ್ಟಿನ ಮೇಲೇ ಇರೋದು ನನಗಿಷ್ಟ.

ನಾಯ್ಸ್ ಕ್ಯಾನ್ಸಲಿಂಗಿಗೆ ಹೆಚ್ಚು ದುಡ್ಡು ಕೊಡಲ್ಲ. ಅವ್ವ ಒಳಗಿಂದ "ಕರೆಂಟ್ ಬಂತು, ಮೋಟ್ರು ಹಾಕೋ" ಅಂದದ್ದು ಕೇಳಬೇಕಲ್ಲ!