ಎಥೆನಾಲ್ ಪೆಟ್ರೋಲು: ಹಳೆಯ ಕಾರಿನ ಖರ್ಚು ಯಾರ ತಲೆಗೆ?

ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನಿಂದ ಹಳೆಯ ವಾಹನಗಳ ಕೆಲವು ರಬ್ಬರ್ ಭಾಗಗಳನ್ನು 20ರಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ಬದಲಿಸಬೇಕಾಗಬಹುದು, ಅದು ಅಗ್ಗದ ಕೆಲಸ ಎಂದು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಹೇಳಿತು. ಅಗ್ಗವಾಗುವುದು ದೋಷ ಸರಿಯಾಗಿ ಪತ್ತೆಯಾದರೆ ಮಾತ್ರ. ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯಂಥ ಹೋಬಳಿ ಕೇಂದ್ರದಲ್ಲಿ ಕಾರು ನಿಂತರೆ ಪಂಪಿನ ಮೇಲೆಯೇ ಮೊದಲ ಗುಮಾನಿ.

ಅದು ಅವಸರದ ತೀರ್ಮಾನ. ಕೀಲಿ ತಿರುಗಿಸಿದೊಡನೆ ಟ್ಯಾಂಕಿನ ಕಡೆಯಿಂದ ಒಂದೆರಡು ಸೆಕೆಂಡು ಗುಂಯ್‌ಗುಟ್ಟುವ ಸದ್ದು ಕೇಳದಿದ್ದರೆ ಫ್ಯೂಸ್, ರಿಲೇ ನೋಡಬೇಕು. ಸದ್ದಿದ್ದೂ ಏರಿನಲ್ಲಿ ಎಳೆಯದಿದ್ದರೆ ಫಿಲ್ಟರ್ ಕಟ್ಟಿರಬಹುದು. ಒತ್ತಡ ಅಳೆಯದೆ ಪಂಪು ಬದಲಿಸುವುದು ದಂಡ. ಪೆಟ್ರೋಲು ವಾಸನೆ ಬಂದರೆ ಪೈಪು ಸೋರುತ್ತಿರಬಹುದು, ಓಡಿಸಲೇಬಾರದು.

ಎಥೆನಾಲ್‌ರಹಿತ ಪೆಟ್ರೋಲಿನ ಆಯ್ಕೆ ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು. ಪೈಪಿನ ಖರ್ಚು ಮಾಲೀಕನ ತಲೆಗೇ ಉಳಿಯಿತು.