ಬೇಸಗೆಯ ಆಟ ಮತ್ತು ನೋಟದ ಹೊಣೆ

ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ 24 ಅಥವಾ 25ರ ಸುಮಾರಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿಯ ಬಳಿಕ ಹೊರಟ ತಿರುಗಾಟ ಅಲ್ಲಿಗೆ ಮುಗಿಯುತ್ತದೆ. ಆರು ತಿಂಗಳ ಈ ಅವಧಿಯಲ್ಲಿ ಬೇಸಗೆಯ ರಾತ್ರಿಗಳೇ ಅತ್ಯಂತ ಸಮೃದ್ಧವಾದವು. ಜಾತ್ರೆ, ಮದುವೆ, ಶಾಲೆಯ ರಜೆಗಳೆಲ್ಲ ಒಟ್ಟಾಗುವ ಆ ದಿನಗಳಲ್ಲಿ ಗದ್ದೆ, ಮೈದಾನ, ದೇವಾಲಯದ ಅಂಗಳಗಳು ರಂಗಸ್ಥಳಗಳಾಗುತ್ತವೆ. ಕನ್ನಡದ ಅತಿ ದೀರ್ಘವಾದ ರಂಗೋತ್ಸವ ಇದೆಂದರೆ ತಪ್ಪಾಗಲಾರದು. ಆದರೆ ಒಂದು ಋತು ಕಳೆದಾಗ ಅದರ ಕುರಿತು ಬರೆಹದಲ್ಲಿ ಉಳಿಯುವುದೇನು ಎಂಬ ಪ್ರಶ್ನೆಗೆ ಸಿಗುವ ಉತ್ತರ ಸಮಾಧಾನಕರವಾಗಿಲ್ಲ.

ಮೂಡುಬಿದಿರೆಗೆ ಹೊಂದಿಕೊಂಡಿರುವ ಪುತ್ತಿಗೆಯ ಪರಿಸರದಿಂದ ಈ ಪ್ರಶ್ನೆಯನ್ನು ನೋಡುವುದು ಉಪಯುಕ್ತ. ಚೌಟ ಅರಸರ ನೆಲೆಯಾಗಿದ್ದ ಈ ಊರಿನಲ್ಲಿ ಸೋಮನಾಥೇಶ್ವರ ದೇವಾಲಯದ ಪರಂಪರೆಯಿದೆ. ಇದೇ ಪುತ್ತಿಗೆಯ ಪದವು ಆಳ್ವಾಸ್ ವಿರಾಸತ್‌ನಂತಹ ಬೃಹತ್ ಉತ್ಸವಕ್ಕೆ ಬಯಲು ವೇದಿಕೆಯೂ ಆಗಿದೆ. ಹರಕೆಯ ಆಟ ಮತ್ತು ಆಧುನಿಕ ವೇದಿಕೆಯ ಪ್ರದರ್ಶನ ಎರಡನ್ನೂ ಒಂದೇ ಪ್ರೇಕ್ಷಕವರ್ಗ ಇಲ್ಲಿ ನೋಡುತ್ತದೆ. ನೋಟವನ್ನು ಬರೆಹಕ್ಕೆ ತರುವ ಪರಂಪರೆಯೂ ಈ ಸೀಮೆಗೆ ಹೊಸತಲ್ಲ. ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ ತನ್ನ 'ಭರತೇಶ ವೈಭವ'ದಲ್ಲಿ ಪೂರ್ವನಾಟಕ, ಉತ್ತರನಾಟಕ ಎಂಬ ಸಂಧಿಗಳನ್ನೇ ರಚಿಸಿ, ಭರತನ ಸಭೆಯ ನೃತ್ಯ ನಾಟ್ಯಗಳನ್ನು ಕಾವ್ಯದ ವಸ್ತುವಾಗಿಸಿದ್ದಾನೆ. ಆಟ ನೋಡುವುದು ವರ್ಣನೆಗೆ ಯೋಗ್ಯವಾದ ಗಂಭೀರ ಕ್ರಿಯೆ ಎಂಬ ನಂಬಿಕೆ ಅಲ್ಲಿದೆ.

ಇಂದಿನ ಪ್ರದರ್ಶನ ವಿಮರ್ಶೆಯಲ್ಲಿ ಈ ನಂಬಿಕೆ ಕ್ಷೀಣಿಸಿದೆ. ಸಾಮಾನ್ಯವಾಗಿ ಪ್ರಕಟವಾಗುವ ಬರೆಹಗಳಲ್ಲಿ ಪ್ರಸಂಗದ ಕಥಾಸಾರ, ಕಲಾವಿದರ ಹೆಸರುಗಳ ಪಟ್ಟಿ, 'ಪ್ರದರ್ಶನ ಯಶಸ್ವಿಯಾಯಿತು' ಎಂಬ ಸಮಾರೋಪ ಇಷ್ಟೇ ಇರುತ್ತವೆ. ಅದನ್ನು ಓದಿದವನಿಗೆ ಆ ರಾತ್ರಿ ಬೇರೆ ರಾತ್ರಿಗಿಂತ ಹೇಗೆ ಭಿನ್ನವಾಗಿತ್ತೆಂಬುದು ತಿಳಿಯದು. ವಿಶ್ವವಿದ್ಯಾಲಯದ ಅಧ್ಯಯನಗಳು ಇನ್ನೊಂದು ತುದಿಯಲ್ಲಿ ನಿಂತಿವೆ. ಅವು ಮುದ್ರಿತ ಪ್ರಸಂಗವನ್ನೋ ನಾಟಕಕೃತಿಯನ್ನೋ ಆಧಾರವಾಗಿ ಹಿಡಿದು ರಂಗದ ಮೇಲೆ ನಡೆದುದನ್ನು ಊಹೆಗೆ ಬಿಡುತ್ತವೆ. ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಎಂ. ಪ್ರಭಾಕರ ಜೋಶಿಯವರ 'ಜಾಗರ', 'ಕೇದಗೆ'ಗಳಂತಹ ಸಂಕಲನಗಳೂ ಬಂದಿವೆ. ಅಂದರೆ ಮಾದರಿಗಳ ಕೊರತೆಯಿಲ್ಲ, ಕೊರತೆಯಿರುವುದು ರೂಢಿಯಲ್ಲಿ.

ಯಕ್ಷಗಾನದ ಮಟ್ಟಿಗೆ ಈ ಕೊರತೆ ಹೆಚ್ಚು ಹಾನಿಕರ. ಪ್ರಸಂಗದ ಪದ್ಯಗಳು ಮುದ್ರಣದಲ್ಲಿ ಉಳಿಯುತ್ತವೆ, ಅರ್ಥಗಾರಿಕೆ ಉಳಿಯುವುದಿಲ್ಲ. 'ದೇವೀಮಹಾತ್ಮೆ'ಯನ್ನೇ ತೆಗೆದುಕೊಳ್ಳಬಹುದು. ಕಟೀಲಿನ ಮೇಳಗಳು ಭಕ್ತರ ಹರಕೆಗಾಗಿ ಋತುವಿಡೀ ಆಡುವ ಈ ಪ್ರಸಂಗದ ಕಥೆ ಪ್ರೇಕ್ಷಕರಿಗೆಲ್ಲ ಕಂಠಪಾಠ. ದೊಂದಿಯ ಬೆಳಕಿನಲ್ಲಿ ಸಭೆಯ ನಡುವಿನಿಂದ ಮಹಿಷಾಸುರ ಬರುವನೆಂಬುದು ಮಕ್ಕಳಿಗೂ ಗೊತ್ತು. ಹಾಗಿದ್ದೂ ಜನ ಮತ್ತೆ ಮತ್ತೆ ಬರುವುದು ಇಂದಿನ ರಕ್ತಬೀಜ ಏನು ಮಾತಾಡುತ್ತಾನೆ, ಭಾಗವತರು ಯಾವ ಪದ್ಯವನ್ನು ಎಷ್ಟು ಎತ್ತುತ್ತಾರೆ, ಚೆಂಡೆಯ ಪೆಟ್ಟು ಕುಣಿತವನ್ನು ಎಲ್ಲಿ ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ನೋಡಲು. ಒಬ್ಬ ಕಲಾವಿದನ ರಕ್ತಬೀಜ ಅಹಂಕಾರಿಯಾದರೆ ಇನ್ನೊಬ್ಬನದು ಸಾವನ್ನು ಅರಿತೇ ರಣಕ್ಕೆ ನಡೆಯುವ ಜ್ಞಾನಿ. ಈ ವ್ಯತ್ಯಾಸವೇ ಅಂದಿನ ಕೃತಿ. ಅದನ್ನು ದಾಖಲಿಸದ ವಿಮರ್ಶೆ ತೀರ್ಪು ಕೊಟ್ಟರೂ ವ್ಯರ್ಥ. ಆದ್ದರಿಂದ ವಿಮರ್ಶಕನ ಮೊದಲ ಹೊಣೆ ಕಂಡುದನ್ನು ಕಂಡಂತೆ ಹೇಳುವುದು. ಬೆಲೆಗಟ್ಟುವುದು ಅನಂತರದ ಕೆಲಸ. ಒಂದೇ ಪ್ರಸಂಗವನ್ನು ಹಲವು ರಾತ್ರಿ ನೋಡದವನಿಗೆ ಈ ಎರಡನೆಯ ಕೆಲಸದ ಅಧಿಕಾರ ಪೂರ್ಣವಾಗಿ ಬರುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಗಳಿವೆ. ಧ್ವನಿಮುದ್ರಣ, ದೃಶ್ಯಮುದ್ರಣಗಳು ಸುಲಭವಾಗಿರುವಾಗ ಬರೆಹದ ದಾಖಲೆ ಏಕೆ ಎಂಬುದು ಮೊದಲನೆಯದು. ಯಂತ್ರ ರಂಗಸ್ಥಳವನ್ನು ಹಿಡಿಯುತ್ತದೆ ನಿಜ. ಆದರೆ ಹಿಂದಿನ ತಿರುಗಾಟದೊಡನೆ ಈ ವರ್ಷದ ಆಟವನ್ನು ಹೋಲಿಸುವ ಸ್ಮೃತಿ ಅದಕ್ಕಿಲ್ಲ. ಯಾವ ಮಾತು ಹೊಸತು, ಯಾವುದು ಗುರುವಿನಿಂದ ಬಂದುದು ಎಂಬುದನ್ನು ಪಳಗಿದ ಪ್ರೇಕ್ಷಕನೇ ಹೇಳಬೇಕು. ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು: ಹರಕೆಯ ಆಟ ದೇವರಿಗೆ ಸಲ್ಲುವ ಸೇವೆ, ಅದನ್ನು ವಿಮರ್ಶಿಸುವುದು ಅನುಚಿತ ಎಂಬುದು. ಈ ಸಂಕೋಚದ ಹಿಂದೆ ಭಕ್ತಿಯಷ್ಟೇ ದಾಕ್ಷಿಣ್ಯವೂ ಇದೆ. ವಿಮರ್ಶಕ, ಕಲಾವಿದ, ಸೇವಾಕರ್ತ ಮೂವರೂ ಒಂದೇ ಸೀಮೆಯವರು, ನಾಳೆ ಒಂದೇ ಪೇಟೆಯಲ್ಲಿ ಎದುರಾಗುವವರು. ಆದರೆ ದೇವರಿಗೆ ಸಲ್ಲಿಸುವ ವಸ್ತು ಕುಂದಿಲ್ಲದಿರಬೇಕೆಂಬುದೂ ಭಕ್ತಿಯ ನಿಯಮವೇ. ಎಲ್ಲರನ್ನೂ ಸಮಾನವಾಗಿ ಹೊಗಳುವ ಬರೆಹದಿಂದ ಹೆಚ್ಚು ನಷ್ಟವಾಗುವುದು ಶ್ರಮಪಟ್ಟು ಪಾತ್ರ ಕಟ್ಟಿದ ಕಲಾವಿದನಿಗೆ. ಅವನ ಸಾಧನೆ ಉಳಿದವರ ಹೊಗಳಿಕೆಯಲ್ಲಿ ಕರಗಿಹೋಗುತ್ತದೆ.

ಭರತನ ನಾಟ್ಯಶಾಸ್ತ್ರ ಪ್ರಯೋಗದ ಸಿದ್ಧಿ ಮತ್ತು ಘಾತಗಳನ್ನು ವಿವೇಚಿಸುವಾಗ ಪ್ರಾಶ್ನಿಕರ ಅರ್ಹತೆಯನ್ನು ವಿಸ್ತಾರವಾಗಿ ಹೇಳುತ್ತದೆ. ಬೇರೆ ಬೇರೆ ವಿಷಯಗಳಿಗೆ ಆಯಾ ವಿಷಯದ ಬಲ್ಲವರೇ ಪ್ರಾಶ್ನಿಕರಾಗಬೇಕೆಂಬುದು ಅದರ ಆಶಯ. ನಮ್ಮ ಕಾಲದಲ್ಲಿ ಹೆಗ್ಗೋಡಿನ ನೀನಾಸಮ್ ತನ್ನ ಸಂಸ್ಕೃತಿ ಶಿಬಿರದಲ್ಲಿ ಹಿಂದಿನ ರಾತ್ರಿಯ ನಾಟಕವನ್ನು ಮರುದಿನ ಪ್ರೇಕ್ಷಕರ ಮುಂದೆ ಚರ್ಚೆಗೆ ಒಡ್ಡುವ ಕ್ರಮವನ್ನು ರೂಢಿಸಿತು. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿ, ಭಾರತೀಯ ರಂಗಭೂಮಿಗೇ ಹೊಸ ನುಡಿಗಟ್ಟು ಕೊಟ್ಟ ಬಿ.ವಿ. ಕಾರಂತರನ್ನು (1929–2002) ರೂಪಿಸಿದ ನೆಲದಲ್ಲಿ ಇಂತಹ ಚರ್ಚೆ ಬಯಲಾಟಕ್ಕೂ ಒದಗದಿರಲು ಕಾರಣವಿಲ್ಲ.

ಕನ್ನಡ ವಿಭಾಗಗಳು ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಬೇಸಗೆ ರಜೆಗೆ ಊರಿಗೆ ಮರಳುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಂದೇ ಮೇಳದ ಒಂದೇ ಪ್ರಸಂಗವನ್ನು ಮೂರು ಬಾರಿ ನೋಡಿ ಬರೆಯುವ ಅಭ್ಯಾಸ ಮಾಡಿಸಬಹುದು. ಸಂಶೋಧನ ಪತ್ರಿಕೆಗಳು ಅಂತಹ ಬರೆಹವನ್ನು ಆಕರವೆಂದು ಮನ್ನಿಸಬಹುದು. ಮಳೆ ಬಂದು ರಂಗಸ್ಥಳ ಮತ್ತೆ ಗದ್ದೆಯಾದ ಮೇಲೆ ಆ ಋತುವಿನ ಮಾತುಗಳು ಕೇಳಿದವರ ನೆನಪಿನಲ್ಲಷ್ಟೇ ಇರುತ್ತವೆ. ಕೇಳಿದವರು ಇರುವಾಗಲೇ ಅದನ್ನು ಬರೆಸಿಕೊಳ್ಳಬೇಕಾಗಿದೆ.